ಬೋಲ್ಟು ಕಿತ್ತು ಬಂದ ಜಾಗ

ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಬಿದ್ದರೆ ಮಲ್ಪೆಯಲ್ಲಿ ನಮ್ಮಂಥವರಿಗೆ ಕೆಲಸ ಜಾಸ್ತಿ. ಬೋಟುಗಳೆಲ್ಲ ಜುಲೈ 31ರವರೆಗೆ ದಕ್ಕೆಯಲ್ಲೇ. ನನ್ನದು ಫೈಬರ್ ದೋಣಿ ಮಾಡುವ, ರಿಪೇರಿ ಮಾಡುವ ಸಣ್ಣ ಶೆಡ್ಡು. ಹೊರಗೆ ಮಳೆ, ಒಳಗೆ ಫೈಬರ್ ಪದರ ಅಂಟಿಸುವ ರೆಸಿನ್ ವಾಸನೆ. ತೇವಕ್ಕೆ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಕಾಯುವುದೇ ಅರ್ಧ ಕೆಲಸ. ಕಾಯುವಾಗ ಮೊಬೈಲಿನಲ್ಲಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ನೋಡುತ್ತಾ ಕೂರುತ್ತೇನೆ. ಒಂದನ್ನೂ ಕೈಯಲ್ಲಿ ಮುಟ್ಟಿದವನಲ್ಲ. ಆದರೂ ಒಂದು ಕಾರಿನ ಸಂಕಟ ನನಗೆ ಚೆನ್ನಾಗಿ ಗೊತ್ತು.

ಮೂರು ವರ್ಷದ ಹಿಂದಿನ ಮಾತು. ಗಿರಾಕಿಯೊಬ್ಬರು ದೋಣಿ ಹಗುರ ಇರಲಿ, ಎಣ್ಣೆ ಉಳಿಯಲಿ ಅಂದರು. ನಾನು ಜಾಣತನ ಮಾಡಿದೆ. ಎಲ್ಲ ಕಡೆ ಒಂದೊಂದು ಪದರ ಮ್ಯಾಟ್, ಅಂದರೆ ಗಾಜಿನ ನೂಲಿನ ಹಾಳೆ, ಕಡಿಮೆ ಹಾಕಿದೆ. ಹಿಂದೆ ಇಂಜಿನ್ ಕೂರುವ ಜಾಗದಲ್ಲೂ! ಎರಡೇ ವಾರಕ್ಕೆ ಅವರು ಶೆಡ್ಡಿಗೆ ಬಂದರು. ಕೈಯಲ್ಲಿ ಒಂದು ಬೋಲ್ಟು. ವಾಷರ್ ಸಮೇತ, ಅದಕ್ಕೆ ಅಂಟಿಕೊಂಡ ಅಂಗೈಯಗಲದ ಫೈಬರ್ ಚೂರು ಸಮೇತ.

"ಎಂತ ಮಾರಾಯ, ನೀನು ಹಾಕಿದ್ದು ಫೈಬರಾ, ಹಪ್ಪಳವಾ?"

ಚೂರಿನ ಅಂಚು ನೋಡಿದೆ. ಬಿಳಿ ನೂಲುಗಳು ಹಲ್ಲುಜ್ಜುವ ಬ್ರಷ್ಷಿನ ಹಾಗೆ ಎದ್ದು ನಿಂತಿದ್ದವು. ಒಡೆದದ್ದಲ್ಲ, ಕಿತ್ತು ಬಂದದ್ದು. ಇಂಜಿನ್ ನಡುಗುತ್ತಾ ನಡುಗುತ್ತಾ ದಿನಕ್ಕಿಷ್ಟು ಎಳೆದಿದೆ.

ಆವತ್ತು ರಾತ್ರಿ ನೆನಪಾದದ್ದು ಲೋಟಸ್ ಎಲೀಟ್. 1957ರ ಲಂಡನ್ ಮೋಟಾರ್ ಶೋನಲ್ಲಿ ಮೊದಲು ತೋರಿಸಿದ ಕಾರು. ಅದಕ್ಕೆ ಕಬ್ಬಿಣದ ಚಾಸಿಯೇ ಇಲ್ಲ. ನಮ್ಮ ದೋಣಿಯ ಹಾಗೆ ಫೈಬರ್ ಚಿಪ್ಪೇ ಎಲ್ಲ ಭಾರ ಹೊರಬೇಕು. ಮುಂದೆ ಇಂಜಿನ್ನಿಗೆ ಒಂದು ಉಕ್ಕಿನ ಚೌಕಟ್ಟು, ಮುಂದಿನ ಗಾಜಿನ ಸುತ್ತ ಒಂದು ಉಕ್ಕಿನ ಕಮಾನು, ಅಷ್ಟೇ. ಆಕಾರ ಬರೆದ ಪೀಟರ್ ಕಿರ್ವನ್ ಟೇಲರ್ ವೃತ್ತಿಯಲ್ಲಿ ಅಕೌಂಟೆಂಟ್. ಲೆಕ್ಕದ ಮನುಷ್ಯ ಅಷ್ಟು ಚಂದದ ಕಾರು ಬರೆದ ಅಂದರೆ ನನಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚು. ಬಾಗಿಲಿನ ಗಾಜು ಎಷ್ಟು ಬಾಗಿದೆ ಎಂದರೆ ಕೆಳಗೆ ಇಳಿಸಲಿಕ್ಕೇ ಆಗುವುದಿಲ್ಲ. ಗಾಳಿ ಬೇಕಾದರೆ ಗಾಜನ್ನೇ ಕಳಚಿಡಬೇಕು. ಏಪ್ರಿಲ್ ತಿಂಗಳ ಉಡುಪಿಯಲ್ಲಿ ಇದನ್ನು ಓಡಿಸುವವನ ಗತಿ ಏನಾಗಬಹುದು, ನೀವೇ ಹೇಳಿ.

ಈ ಕಾರಿನ ಹಿಂದಿನ ಡಿಫರೆನ್ಷಿಯಲ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಗೇರಿನ ಪೆಟ್ಟಿಗೆ, ನೇರವಾಗಿ ಫೈಬರಿಗೇ ಬೋಲ್ಟು. ಮೊದಮೊದಲ ಕಾರುಗಳಲ್ಲಿ ಆ ಜಾಗ ಕಿತ್ತು ಬರುತ್ತಿತ್ತು. ಓದಿದಾಗ ನಗು ಬಂತು, ಸಮಾಧಾನವೂ ಆಯಿತು. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಅವರಂಥವರಿಗೇ ಆದದ್ದು ನನಗೂ ಆಯಿತು ಅಲ್ವಾ! ಮೊದಲ 250 ಬಾಡಿ ಮಾಡಿದ್ದು ಮ್ಯಾಕ್ಸಿಮಾರ್ ಎಂಬ ಕಂಪನಿ. ಆಮೇಲೆ ಕೆಲಸ ಬ್ರಿಸ್ಟಲ್ ವಿಮಾನ ಕಂಪನಿಯ ಕೈಗೆ ಹೋಯಿತು.

ಇಷ್ಟು ನಾಜೂಕಿನ ಕಾರು ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್ ರೇಸಿನಲ್ಲಿ ಏನು ಮಾಡಿತು ಗೊತ್ತಾ? 1959ರಿಂದ 1964ರವರೆಗೆ ಆರು ವರ್ಷವೂ ತನ್ನ ಇಂಜಿನ್ ಗಾತ್ರದ ಕಾರುಗಳ ವರ್ಗ ಗೆದ್ದಿತು. ಮೊದಲ ವರ್ಷ ಜಿಮ್ ಕ್ಲಾರ್ಕ್, ಜಾನ್ ವಿಟ್‌ಮೋರ್ ಜೋಡಿ ಇನ್ನೊಂದು ಎಲೀಟಿನಲ್ಲಿ ಒಟ್ಟು 10ನೆಯವರಾಗಿ ಮುಗಿಸಿತು. ಇಂಜಿನ್ ಬರೀ 1216 ಸಿಸಿ. ಅದನ್ನು ಮಾಡಿದ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿ ಆ ಇಂಜಿನ್ನಿನ ವಂಶ ಶುರು ಮಾಡಿದ್ದು ಅಗ್ನಿಶಾಮಕದವರು ಎತ್ತಿಕೊಂಡು ಹೋಗುವ ನೀರಿನ ಪಂಪಿಗೆ. ಇಂಜಿನ್ನಿನ ಹೆಸರಿನಲ್ಲಿ ಬರುವ ಎಫ್‌ಡಬ್ಲ್ಯೂ ಅಂದರೆ ಫೆದರ್ ವೇಟ್, ಗರಿಯಷ್ಟು ಹಗುರ. ಹೊತ್ತುಕೊಂಡು ಓಡಬೇಕು, ಸ್ಟಾರ್ಟ್ ಮಾಡಿದ ಕೂಡಲೇ ಫುಲ್ ಸ್ಪೀಡಿನಲ್ಲಿ ತಿರುಗಬೇಕು. ರೇಸಿಗೆ ಬೇಕಾದದ್ದೂ ಅದೇ.

ಉದ್ದ ರೇಸಿನಲ್ಲಿ ಹಗುರ ಕಾರಿನ ಲಾಭ ನಿಧಾನಕ್ಕೆ ಕಾಣುತ್ತದೆ. ಟಯರು ಕಡಿಮೆ ಸವೆಯುತ್ತದೆ, ಬ್ರೇಕು ಉಳಿಯುತ್ತದೆ, ಪೆಟ್ರೋಲಿಗೆ ನಿಲ್ಲುವುದು ಕಡಿಮೆ. ನೇರ ರಸ್ತೆಯಲ್ಲಿ ದೊಡ್ಡ ಇಂಜಿನ್ನಿನವನು ಮುಂದೆ ಹೋಗಲಿ, ನಾವು ಓಡುತ್ತಾ ಇದ್ದರೆ ಸಾಕು. ಆದರೆ ಸುಮ್ನೆ ಎಲ್ಲ ಕಡೆ ಕೆರೆದು ತೆಳ್ಳಗೆ ಮಾಡಿದರೆ ರೇಸ್ ಕಾರು ಆಗುವುದಿಲ್ಲ. ಭಾರ ಒಳಗೆ ಬರುವ ನಾಲ್ಕಾರು ಜಾಗ ಇರುತ್ತವೆ. ಅಲ್ಲಿ ಕಂಜೂಸಿ ಮಾಡಬಾರದು. ನಾನು ಮಾಡಿದ್ದು ಆ ಕಂಜೂಸಿಯನ್ನೇ.

ಲೆ ಮಾನ್ಸಿಗೆ ಸಣ್ಣ ಬ್ರಿಟಿಷ್ ಕಾರು ತಂದ ಬೇರೆಯವರೂ ಇದ್ದರು. ಟ್ರಯಂಫ್‌ನವರು ಪುಟ್ಟ ಸ್ಪಿಟ್‌ಫೈರಿಗೆ ಗಾಳಿ ಸೀಳಲು ಇಳಿಜಾರು ಛಾವಣಿ ಕೂರಿಸಿ 1965ರಲ್ಲಿ 13, 14ನೇ ಸ್ಥಾನ ಪಡೆದರು. ಎಂಜಿಬಿ ಎಂಬ ಕಾರಿಗೆ 1963ರಲ್ಲಿ ಉದ್ದ ಮೂತಿ ಹಾಕಿದರು. ಶುರುವಿನಲ್ಲೇ ಅಲನ್ ಹಚಿಸನ್ ಅದನ್ನು ಮರಳಿಗೆ ನುಗ್ಗಿಸಿದ. ಹೊರಗಿನವರು ಕೈ ಹಾಕುವಂತಿಲ್ಲ. ಒಬ್ಬನೇ ಒಂದೂವರೆ ಗಂಟೆಯ ಹತ್ತಿರ ಮರಳು ತೋಡಿದ. ಆಮೇಲೂ ಅವನು, ಪ್ಯಾಡಿ ಹಾಪ್‌ಕಿರ್ಕ್ ಸೇರಿ 12ನೇ ಸ್ಥಾನಕ್ಕೆ ತಂದರು. ಮಲ್ಪೆ ಬೀಚಿನಲ್ಲಿ ಟೂರಿಸ್ಟ್ ಕಾರು ಹೂತರೆ ನಾವು ಹತ್ತು ಜನ ತಳ್ಳಿದರೂ ಅರ್ಧ ಗಂಟೆ ಬೇಕು.

ಆ ದೋಣಿಯ ಹಿಂಬದಿ ಪೂರ್ತಿ ಕಡಿದು, ನನ್ನ ಖರ್ಚಲ್ಲೇ ಮತ್ತೆ ಕಟ್ಟಿದೆ. ನಡುವೆ ಮರೀನ್ ಪ್ಲೈ, ಅದರ ಮೇಲೆ ಪದರ. ಒಂದೊಂದು ಪದರಕ್ಕೂ ಗಾಳಿ ಗುಳ್ಳೆ ಹೋಗುವವರೆಗೆ ರೋಲರ್ ಎಳೆದೆ. ಪದರಗಳನ್ನು ಬೋಲ್ಟಿನ ಹತ್ತಿರವೇ ನಿಲ್ಲಿಸದೆ ಒಂದರ ಮೇಲೊಂದು ಉದ್ದಕ್ಕೆ ಹರಡಿದೆ. ವಾಷರ್ ಬದಲು ಅಗಲದ ಸ್ಟೀಲ್ ಪ್ಲೇಟು. ಮಿಕ್ಕ ಕಡೆ ಹಗುರವೇ ಉಳಿಯಿತು.

ಈ ಮಳೆಗಾಲ ಬಣ್ಣಕ್ಕೆಂದು ಅದೇ ದೋಣಿ ಶೆಡ್ಡಿಗೆ ಬಂದಿದೆ. ಬೋಲ್ಟಿನ ಸುತ್ತ ಕೂದಲೆಳೆ ಬಿರುಕೂ ಇಲ್ಲ. ಯಜಮಾನರಿಗೆ ಮೊಬೈಲಿನಲ್ಲಿ ಎಲೀಟ್ ತೋರಿಸಿದೆ. "ಅಣ್ಣ, ಇದೂ ನಮ್ಮ ಹಾಗೆ ಫೈಬರೇ."

ಕಣ್ಣು ಕಿರಿದು ಮಾಡಿ ನೋಡಿದರು. "ಎಷ್ಟು ಬಾಕ್ಸ್ ಮೀನು ಹಿಡೀತದೆ?"

"ಇಬ್ಬರು ಮನುಷ್ಯರು ಹಿಡೀತಾರೆ, ಅಷ್ಟೇ."

"ಹಾಗಾದ್ರೆ ಬೇಡ," ಅಂದು ಮೊಬೈಲ್ ವಾಪಸ್ ಕೊಟ್ಟರು.