ಗೇಣುದ್ದದ ಇಂಜಿನ್ನಿಗೆ ಹಳದಿ ಕಣ್ಣು

ಹೋದ ವರ್ಷ ಅಕ್ಕನ ಮಗ ಅಮೆರಿಕದಿಂದ ಬರುವಾಗ ಸೂಟ್‌ಕೇಸಿನಲ್ಲಿ ಟವೆಲ್ ಸುತ್ತಿ ತಂದದ್ದು ಒಂದು ಮಾದರಿ ರೈಲು ಇಂಜಿನ್ನು, ಅಲ್ಲಿನ ಆಲ್ಕೊ ಕಂಪನಿಯ ಆರ್‌ಎಸ್-3 ಡೀಸೆಲ್ಲಿನದು. ಎಚ್‌ಓ ಅಳತೆ, ಅಂದರೆ ನಿಜದ 87ನೇ ಒಂದು ಪಾಲು. ಹೆಚ್ಚುಕಮ್ಮಿ ಒಂದು ಗೇಣು. ಸೆಕೆಂಡ್ ಹ್ಯಾಂಡ್ ಮಾಲು. ಓಡುತ್ತಿತ್ತು, ಆದರೆ ಕುರುಡು. ಒಳಗಿದ್ದ ಪುಟಾಣಿ ಬಲ್ಬುಗಳು ಸುಟ್ಟಿದ್ದವು, ದೀಪದ ಲೆನ್ಸುಗಳು ಎಲ್ಲೋ ಉದುರಿಹೋಗಿದ್ದವು.

ನಾನು ಬೆಳೆದದ್ದು ಅರಸೀಕೆರೆಯಲ್ಲಿ. ಮೀಟರ್ ಗೇಜ್ ಕಾಲದ ವೈಡಿಎಂ-4 ಇಂಜಿನ್ನುಗಳೂ ಆಲ್ಕೊ ವಿನ್ಯಾಸದವೇ. ರಾತ್ರಿ ಗಾಡಿ ಬರುವಾಗ ಮೊದಲು ಹಳಿ ಹೊಳೆಯುತ್ತಿತ್ತು, ಆಮೇಲೆ ಆ ಬೆಣ್ಣೆ ಬಣ್ಣದ ದೀಪ. ಈ ಇಂಜಿನ್ನಿಗೂ ಅದೇ ಬಣ್ಣ ಬೇಕು ಅಂತ ಹಟ ಹಿಡಿದೆ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ 3 ಮಿ.ಮೀ. ಎಲ್‌ಇಡಿ ಕೇಳಿದೆ. ‘ವೈಟಾ?’ ಅಂದ, ಹೂಂ ಅಂದೆ. ಅಲ್ಲೇ ತಪ್ಪಿದ್ದು. ಮನೆಗೆ ಬಂದು ಹಚ್ಚಿದರೆ ನೀಲಿ ಬೆರೆತ ಬಿಳಿ. 1950ರ ದಶಕದ ಇಂಜಿನ್ನು ಈಗಿನ ಬೈಕಿನ ಹಾಗೆ ಕಣ್ಣು ಕುಕ್ಕುತ್ತಿತ್ತು. ‘ವಾರ್ಮ್ ವೈಟ್’ ಅಂತ ಕೇಳಬೇಕಂತೆ. ಮತ್ತೊಂದು ಸಲ ಬಸ್ಸು ಹತ್ತಿದೆ.

ಹಳೇ ಬಲ್ಬನ್ನು 12 ವೋಲ್ಟಿಗೆ ನೇರ ಕೊಡಬಹುದಿತ್ತು. ಎಲ್‌ಇಡಿಗೆ ಸಾಲಿನಲ್ಲಿ ಕರೆಂಟಿಗೆ ಕಡಿವಾಣ ಹಾಕುವ ರೆಸಿಸ್ಟರ್ ಇಲ್ಲದಿದ್ದರೆ ಕ್ಷಣದಲ್ಲಿ ಸಾಯುತ್ತದೆ. ಓದಿ ತಿಳಿದಿದ್ದೆ, ಆದರೂ ಒಂದನ್ನು ಕೊಂದೆ. ಬಿಳಿ ಎಲ್‌ಇಡಿ ತಾನು 3 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 9 ವೋಲ್ಟ್ ರೆಸಿಸ್ಟರ್ ಪಾಲು. 1 ಕಿಲೋ ಓಮ್ ಹಾಕಿದರೆ 9 ಮಿಲಿಆಂಪ್. ಅದೂ ವಿಪರೀತ ಬೆಳಕು. 4.7 ಕಿಲೋ ಓಮ್ ಹಾಕಿದ ಮೇಲೆ ಸುಮಾರು 2 ಮಿಲಿಆಂಪಿಗೆ ಇಳಿದು ಹದಕ್ಕೆ ಬಂತು.

ಮುಂದೊಂದು, ಹಿಂದೊಂದು ಎಲ್‌ಇಡಿಯನ್ನು ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ ಬರುವಂತೆ ಜೋಡಿಸಿ ಇಬ್ಬರಿಗೂ ಒಂದೇ ರೆಸಿಸ್ಟರ್ ಕೊಟ್ಟೆ. ಈ ಆಟದಲ್ಲಿ ಕರೆಂಟು ಬರುವುದು ಹಳಿಯಿಂದಲೇ. ಡಿಸಿ ಹಳಿಯಲ್ಲಿ ಇಂಜಿನ್ನು ಹಿಂದಕ್ಕೆ ಹೋಗುವುದೇ ಪ್ಲಸ್ಸು ಮೈನಸ್ಸು ಅದಲುಬದಲಾದಾಗ. ಹಾಗಾಗಿ ಹೋಗುವ ಕಡೆಯ ದೀಪ ಮಾತ್ರ ಹತ್ತುತ್ತದೆ. ಉರಿಯುತ್ತಿರುವುದು ಇನ್ನೊಂದನ್ನು ಉಲ್ಟಾ ವೋಲ್ಟೇಜಿನಿಂದ ಕಾಯುತ್ತದೆ ಕೂಡ. ಒಳ್ಳೇ ಓರಗಿತ್ತಿಯರು.

ಬಾಡಿ ಮುಚ್ಚಿ, ಲೈಟ್ ಆರಿಸಿ ಓಡಿಸಿದೆ. ಇಂಜಿನ್ನಿನ ಮೂತಿಯೆಲ್ಲ ಬೆಳಗಿತು! ತೆಳು ಪ್ಲಾಸ್ಟಿಕ್ಕಿನಿಂದ ಬೆಳಕು ಸೋರುತ್ತಿತ್ತು. ‘ಏನ್ರೀ ಇದು, ದೀಪಾವಳಿ ಆಕಾಶಬುಟ್ಟಿನಾ?’ ಅಂದಳು ಹೆಂಡತಿ. ಒಳಮೈಗೆ ಎರಡು ಸಲ ಕಪ್ಪು ಬಣ್ಣ ಬಳಿದು, ಎಲ್‌ಇಡಿಗೆ ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕಪ್ಪು ಹೀಟ್‌ಶ್ರಿಂಕ್ ಕೊಳವೆ ತೊಡಿಸಿದ ಮೇಲೆ ನಿಂತಿತು.

ಇಷ್ಟೆಲ್ಲ ಎರಡು ಸಂಜೆಯ ಕೆಲಸ. ಲೆನ್ಸಿಗೆ ಮೂರು ವಾರ ಹಿಡಿಯಿತು. ಲೆನ್ಸಿಲ್ಲದ ಎಲ್‌ಇಡಿ ಬರೀ ತೂತಿನ ಹಿಂದಿನ ಬೆಳಕು, ಅದು ಹೆಡ್‌ಲೈಟ್ ಅನ್ನಿಸುವುದೇ ಇಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೂರನ್ನು ಉಜ್ಜಿ ದುಂಡಗೆ ಮಾಡಿ ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಬೆಳಗಾಗುವಷ್ಟರಲ್ಲಿ ಪೊರೆ ಬಂದ ಕಣ್ಣು. ಆ ಅಂಟಿನ ಆವಿ ಕೂತು ಬೆಳ್ಳಗಾಗುತ್ತದೆ. ಕೊನೆಗೆ ತೂತಿನ ಹಿಂದೆ ಟೇಪ್ ಹಚ್ಚಿ, ಎರಡು ಟ್ಯೂಬಿನ ಪಾರದರ್ಶಕ ಎಪಾಕ್ಸಿ ಅಂಟು ಕಲಸಿ, ಹಲ್ಲುಕಡ್ಡಿಯಲ್ಲಿ ಒಂದೇ ಹನಿ ಬಿಟ್ಟೆ. ಹನಿ ತಾನಾಗಿ ಉಬ್ಬಿ ನಿಂತು ಹಾಗೇ ಗಟ್ಟಿಯಾಯಿತು. ಮೊದಲ ಮೂರರಲ್ಲಿ ಗುಳ್ಳೆ ಸಿಕ್ಕಿಕೊಂಡಿತ್ತು, ಕಿತ್ತು ಹಾಕಿದೆ. ಗಡಿಬಿಡಿಯಲ್ಲಿ ಕಲಸಬಾರದು.

ಮೂಲೆಯ ಸಣ್ಣ ದೀಪಗಳಿಗೆ, ಎಂದೋ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡಿದ್ದ ಫೈಬರ್ ಹೂವಿನ ದೀಪವನ್ನು ಬಲಿ ಕೊಟ್ಟೆ. ಅದರ ಒಂದು ಫೈಬರ್ ಎಳೆಯ ತುದಿಯನ್ನು ಬಿಸಿ ಸೋಲ್ಡರಿಂಗ್ ಐರನ್ನಿನ ಹತ್ತಿರ ಹಿಡಿದರೆ, ಮುಟ್ಟಿಸಬಾರದು, ಮೆತ್ತಗಾಗಿ ಅಣಬೆಯ ಹಾಗೆ ಗುಂಡಾಗುತ್ತದೆ. ಅದೇ ಲೆನ್ಸು. ಹೊರಗಿನಿಂದ ತೂರಿಸಿ ಒಳಗೆ ಒಂದು ಚೂರು ಫೆವಿಕಾಲ್ ಹಚ್ಚಿದರೆ ಸಾಕು.

ಅಕ್ಕನ ಮಗನಿಗೆ ವಿಡಿಯೋ ಕಳಿಸಿದೆ. ‘ಮಾವ, ಡಿಸಿಸಿ ಡಿಕೋಡರ್ ಹಾಕಿಬಿಡಿ, ನಿಂತಾಗಲೂ ದೀಪ ಉರಿಯುತ್ತೆ’ ಅಂತ ಉತ್ತರ ಬಂತು. ಡಿಸಿಸಿ ಅಂದರೆ ಹಳಿಯಲ್ಲಿ ಸದಾ ಕರೆಂಟು ಇಟ್ಟು ಇಂಜಿನ್ನಿಗೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ, ಡಿಕೋಡರ್ ಅದನ್ನು ಓದುವ ಚಿಪ್ಪು. ಅದೂ ನಿಜ. ಈಗ ರೆಗ್ಯುಲೇಟರ್ ತಿರುಗಿಸಿ ವೋಲ್ಟೇಜು 3ರ ಹತ್ತಿರ ಬರುವ ತನಕ ಕತ್ತಲೆ. ಇಂಜಿನ್ನು ಮಿಸುಕಾಡುವ ಹೊತ್ತಿಗೇ ದೀಪವೂ ಕಣ್ಣು ಬಿಡುತ್ತದೆ. ನನಗೆ ಅದೇ ಚೆನ್ನಾಗಿ ಕಾಣುತ್ತದೆ, ಅವನಿಗಿನ್ನೂ ಹೇಳಿಲ್ಲ.

ಹೂವಿನ ದೀಪ ಏನಾಯಿತು ಅಂತ ಹೆಂಡತಿಯೂ ಇನ್ನೂ ಕೇಳಿಲ್ಲ.