ಅಪರೂಪದ ನಾರ್ವೇಜಿಯನ್ ಸರ್‌ನೇಮ್ ಇರುವವರೆಲ್ಲ ಒಂದೇ ಮನೆಯವರಾ?

ಬೆಂಗಳೂರಿನಲ್ಲಿ ನಾರ್ವೆಯವರ ಜೊತೆ ಕೆಲಸ ಮಾಡುವ ಗೆಳತಿಯರು ಫೋನ್ ಮಾಡಿದಾಗ ಈ ಪ್ರಶ್ನೆ ಬಂದೇ ಬರುತ್ತದೆ. “ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ ಕಣೇ. ಅವರ ಸರ್‌ನೇಮ್ ಇಡೀ ನಾರ್ವೆಯಲ್ಲಿ ನೂರು ಜನಕ್ಕೂ ಇಲ್ವಂತೆ. ಹಾಗಾದ್ರೆ ಆ ಹೆಸರಿನವರೆಲ್ಲ ಒಂದೇ ಮನೆತನ, ಅಲ್ವಾ?” ಊರಿಗೆ ಹೋದಾಗ ನೆಂಟರೂ ಇದನ್ನೇ ಕೇಳುತ್ತಾರೆ. ಫುಟ್‌ಬಾಲ್ ನೋಡುವ ಹುಡುಗರು ಹಾಲಂಡ್, ಓಡೆಗಾರ್ಡ್ ಅಂತ ಹೆಸರು ಹಿಡಿದೇ ಕೇಳುತ್ತಾರೆ. ನಾನಿರುವುದು ನಾರ್ವೆಯ ಬರ್ಗನ್‌ನಲ್ಲಿ. ಹಾಗಾಗಿ ನನಗೆ ಗೊತ್ತಿರಬೇಕು ಅಂತ ಅವರ ಲೆಕ್ಕ.

ಒಂದೇ ಮನೆತನದವರು ಆಗಿರಲೇಬೇಕು ಅಂತಿಲ್ಲ. ಒಂದೇ ಜಮೀನಿನಿಂದ ಬಂದವರು ಆಗಿರುವ ಸಾಧ್ಯತೆ ಜಾಸ್ತಿ. ನನ್ನ ಉತ್ತರ ಇಷ್ಟೇ. ಆದರೆ ಇದನ್ನು ಬಿಡಿಸಿ ಹೇಳದೆ ಇದ್ದರೆ ಯಾರಿಗೂ ಸಮಾಧಾನ ಆಗುವುದಿಲ್ಲ.

ನನಗೆ ಇದರ ಹುಚ್ಚು ಹಿಡಿಸಿದ್ದು ಪಕ್ಕದ ಮನೆಯ ಹಿರಿಯರು. ಅವರ ಸರ್‌ನೇಮ್ ತುಂಬಾ ಅಪರೂಪದ್ದು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬರೆದರೆ ಅವರು ಯಾರು ಅಂತ ಗೊತ್ತಾಗಿಬಿಡುತ್ತದೆ, ಆ ಹೆಸರಿನವರು ಅಷ್ಟು ಕಡಿಮೆ. ಒಂದು ಚಳಿಗಾಲ ಪೂರ್ತಿ ನಾವಿಬ್ಬರೂ ಅವರ ಅಡುಗೆಮನೆಯಲ್ಲಿ ಕಾಫಿ ಇಟ್ಟುಕೊಂಡು ಹಳೆಯ ದಾಖಲೆಗಳನ್ನು ಓದಿದೆವು. ಅವರಿಗೆ ತಮ್ಮ ಬೇರು ಬೇಕಿತ್ತು. ನನಗೆ ಭಾಷೆ ಕಲಿಯಬೇಕಿತ್ತು.

ಮೊದಲು ಹಳೆಯ ಪದ್ಧತಿ ಹೇಳುತ್ತೇನೆ. ನಾರ್ವೆಯ ಹಳ್ಳಿಗಳಲ್ಲಿ ಒಬ್ಬ ಮನುಷ್ಯನ ಹೆಸರಿಗೆ ಮೂರು ತುಂಡು ಇರುತ್ತಿದ್ದವು. ಇಟ್ಟ ಹೆಸರು, ಅಪ್ಪನ ಹೆಸರು, ಇರುವ ಜಾಗದ ಹೆಸರು. ಹಾನ್ಸ್‌ನ ಮಗ ಊಲಾ ಅಂದರೆ ಊಲಾ ಹಾನ್ಸೆನ್. ಮಗಳಾದರೆ ಹಾನ್ಸ್‌ದಾತೆರ್. ಅಂಥ ಊಲಾ ಹಾನ್ಸೆನ್‌ಗಳು ಊರಲ್ಲಿ ಹತ್ತು ಜನ ಇರುತ್ತಿದ್ದರಲ್ಲ, ಅದಕ್ಕೇ ಕೊನೆಯಲ್ಲಿ ಗೋರ್‌ನ ಹೆಸರು ಸೇರಿಸುತ್ತಿದ್ದರು. ಗೋರ್ ಅಂದರೆ ಮನೆ, ಕೊಟ್ಟಿಗೆ, ಹೊಲ, ಹುಲ್ಲುಗಾವಲು, ಕಾಡಿನ ಪಾಲು ಎಲ್ಲ ಸೇರಿದ ಒಂದು ಜಮೀನು. ಪ್ರತಿ ಗೋರ್‌ಗೂ ಒಂದು ಹೆಸರು. ಆ ಹೆಸರು ಅಲ್ಲಿ ಬದುಕಿದವರಿಗಿಂತ ಎಷ್ಟೋ ಹಳೆಯದು.

ಈ ಕೊನೆಯ ತುಂಡು ನಾವು ಅಂದುಕೊಳ್ಳುವಂಥ ಸರ್‌ನೇಮ್ ಆಗಿರಲಿಲ್ಲ. ಅದು ವಿಳಾಸ. ಊಲಾ ಒಂದು ಗೋರ್ ಬಿಟ್ಟು ಇನ್ನೊಂದಕ್ಕೆ ಹೋದರೆ ಹೆಸರೂ ಬದಲಾಗುತ್ತಿತ್ತು. ಗಂಡುಮಕ್ಕಳಿಲ್ಲದ ಮನೆಗೆ ಅವನು ಮನೆಅಳಿಯನಾಗಿ ಹೋದರೆ, ಹೆಂಡತಿಯ ಗೋರ್‌ನ ಹೆಸರೇ ಅವನ ಹೆಸರು. ಚರ್ಚಿನ ಪುಸ್ತಕಗಳಲ್ಲಿ ಒಬ್ಬನೇ ಮನುಷ್ಯ ಹುಟ್ಟುವಾಗ ಒಂದು ಹೆಸರಲ್ಲಿ, ಮದುವೆಯಾಗುವಾಗ ಇನ್ನೊಂದರಲ್ಲಿ, ಸಾಯುವಾಗ ಮತ್ತೊಂದರಲ್ಲಿ ಸಿಗುತ್ತಾನೆ. ಒಂದೇ ತಾಯಿಯ ಮೂರು ಮಕ್ಕಳು ಮೂರು ಹೆಸರು ಹೊತ್ತಿರುವುದೂ ಸಾಮಾನ್ಯ. ನಮ್ಮ ಶಿರಸಿ ಕಡೆ ಮೇಲಿನಮನೆ, ಕೆಳಗಿನಮನೆ ಅಂತ ಕರೆದು ಬೆಳೆದ ನನಗೆ ಇದು ಬೇಗ ತಲೆಗೆ ಹತ್ತಿತು. ಇಲ್ಲೂ ಗೋರ್ ಪಾಲಾದಾಗ ಹೆಸರಿನ ಮುಂದೆ ‘ಓವ್ರೆ’, ‘ನೆದ್ರೆ’ ಸೇರಿಸುತ್ತಿದ್ದರು. ಮೇಲಿನದು, ಕೆಳಗಿನದು ಅಂತಲೇ ಅರ್ಥ.

ಇನ್ನೂ ಒಂದು ಗುಂಪಿನವರಿದ್ದರು. ಸ್ವಂತ ಜಮೀನಿಲ್ಲದವರು. ದೊಡ್ಡ ಗೋರ್‌ನ ಅಂಚಿನಲ್ಲಿ ಒಂದು ಸಣ್ಣ ಬಿಡಾರ, ಒಂದು ತುಂಡು ನೆಲ, ಅದಕ್ಕೆ ಬದಲಾಗಿ ಜಮೀನಿನ ಯಜಮಾನನ ಮನೆಯಲ್ಲಿ ದುಡಿತ. ಇವರನ್ನು ಹುಸ್‌ಮಾನ್ ಅನ್ನುತ್ತಿದ್ದರು. 1800ರ ದಶಕದ ನಡುವಿನಲ್ಲಿ ಇವರ ಸಂಖ್ಯೆ ಬಹಳ ಜಾಸ್ತಿ ಇತ್ತು. ಇವರಲ್ಲಿ ಎಷ್ಟೋ ಜನ ಪಟ್ಟಣಕ್ಕೋ ಅಮೆರಿಕಕ್ಕೋ ಹೋದಾಗ ಆ ಗೋರ್‌ನ ಹೆಸರನ್ನೇ ಹೊತ್ತುಕೊಂಡು ಹೋದರು. ಅಂದರೆ ಯಜಮಾನನ ಮೊಮ್ಮಕ್ಕಳು, ಅವನ ಹೊಲದಲ್ಲಿ ದುಡಿದವನ ಮೊಮ್ಮಕ್ಕಳು ಇಬ್ಬರಿಗೂ ಇವತ್ತು ಒಂದೇ ಸರ್‌ನೇಮ್. ರಕ್ತದ ನಂಟು ಏನೂ ಇಲ್ಲ.

ಇದೆಲ್ಲ ನಿಂತಿದ್ದು 1923ರಲ್ಲಿ. ಆ ವರ್ಷ ಬಂದ ಹೆಸರಿನ ಕಾನೂನು, ಪ್ರತಿ ಕುಟುಂಬಕ್ಕೂ ತಲೆಮಾರಿನಿಂದ ತಲೆಮಾರಿಗೆ ಹೋಗುವ ಒಂದೇ ಖಾಯಂ ಹೆಸರು ಇರಬೇಕು ಅಂತ ಹೇಳಿತು. ಪಟ್ಟಣದವರು ಅದಕ್ಕೂ ಮುಂಚೆಯೇ ಅಪ್ಪನ ಹೆಸರನ್ನೇ ಖಾಯಂ ಮಾಡಿಕೊಳ್ಳತೊಡಗಿದ್ದರು. ಹಾಗಾಗಿ ಹಾನ್ಸೆನ್, ಯೂಹಾನ್ಸೆನ್, ಊಲ್ಸೆನ್ ಇವತ್ತಿಗೂ ಮೊದಲ ಸಾಲಿನಲ್ಲಿವೆ. ಸುಮಾರು 55 ಲಕ್ಷ ಜನರ ದೇಶದಲ್ಲಿ ಹಾನ್ಸೆನ್‌ಗಳೇ 50 ಸಾವಿರದ ಹತ್ತಿರ. ಹಳ್ಳಿಯವರು ಹೆಚ್ಚಾಗಿ ಗೋರ್‌ನ ಹೆಸರು ಹಿಡಿದರು. ಹರಿಯುತ್ತಿದ್ದ ಹೆಸರುಗಳು ಆ ಹೊತ್ತಿಗೆ ಎಲ್ಲಿದ್ದವೋ ಅಲ್ಲೇ ಗಟ್ಟಿಯಾದವು. ಯಾರು ಯಾವ ಜಮೀನಿನಲ್ಲಿದ್ದರೋ, ಇಲ್ಲವೇ ಯಾವ ಜಮೀನನ್ನು ನೆನಪಿಟ್ಟುಕೊಂಡಿದ್ದರೋ, ಅದು ಅವರ ಮಕ್ಕಳು ಮೊಮ್ಮಕ್ಕಳ ಹೆಸರಾಯಿತು. ‘ದಾತೆರ್’ ಅಂತ ಮುಗಿಯುವ ಹೆಣ್ಣುಮಕ್ಕಳ ಹೆಸರುಗಳು ಮಾತ್ರ ಹೆಚ್ಚುಕಡಿಮೆ ಅಳಿಸಿಯೇ ಹೋದವು. ನನಗೆ ಈಗಲೂ ಅದು ಬೇಜಾರು.

ಹಾಗಾದರೆ ಒಂದು ಹೆಸರು ಅಪರೂಪ ಆಗುವುದು ಯಾಕೆ? ಆ ಹೆಸರಿನ ಗೋರ್ ದೇಶದಲ್ಲಿ ಒಂದೋ ಎರಡೋ ಇರುವುದರಿಂದ. ಒಂದೇ ಹೆಸರಿನ ಗೋರ್‌ಗಳು ಹತ್ತಾರು ಕಡೆ ಇದ್ದರೆ ಆ ಸರ್‌ನೇಮ್ ಕೂಡ ಎಲ್ಲ ಕಡೆ ಕಾಣಿಸುತ್ತದೆ.

ಓಡೆಗಾರ್ಡ್ ನೋಡಿ. ಆರ್ಸೆನಲ್ ತಂಡಕ್ಕೆ ಆಡಿದ ಮಾರ್ಟಿನ್ ಓಡೆಗಾರ್ಡ್ ಇಂದಾಗಿ ನಮ್ಮ ಹುಡುಗರಿಗೆಲ್ಲ ಈ ಹೆಸರು ಗೊತ್ತು. ಇಲ್ಲಿ ಅದನ್ನು ಹೇಳುವುದು ಹೆಚ್ಚುಕಡಿಮೆ ‘ಓಡೆಗೋರ್’ ಅಂತ. ಅರ್ಥ ‘ಪಾಳುಬಿದ್ದ ಜಮೀನು’. 1349ರಲ್ಲಿ ಪ್ಲೇಗ್ ನಾರ್ವೆಗೆ ಬಂತು. ಇಂಗ್ಲೆಂಡಿನಿಂದ ಬಂದ ಒಂದು ಹಡಗಿನಲ್ಲಿ ನಮ್ಮ ಈ ಬರ್ಗನ್‌ಗೇ ಮೊದಲು ಬಂತು ಅಂತ ಹಳೆಯ ಬರಹಗಳು ಹೇಳುತ್ತವೆ. ದೇಶದ ಅರ್ಧಕ್ಕಿಂತ ಜಾಸ್ತಿ ಜನ ಸತ್ತರು ಅಂತ ಇತಿಹಾಸಕಾರರ ಅಂದಾಜು. ಸಾವಿರಾರು ಗೋರ್‌ಗಳಲ್ಲಿ ದೀಪ ಹಚ್ಚುವವರೇ ಇಲ್ಲದಂತಾಯಿತು. ಹೊಲದಲ್ಲಿ ಕಾಡು ಬೆಳೆಯಿತು. ನೂರೈವತ್ತು, ಇನ್ನೂರು ವರ್ಷ ಕಳೆದು ಜನ ಮತ್ತೆ ಅಲ್ಲಿಗೆ ಬಂದಾಗ, ಎಷ್ಟೋ ಕಡೆ ಹಳೆಯ ಹೆಸರು ನೆನಪಿರುವವರು ಒಬ್ಬರೂ ಇರಲಿಲ್ಲ. ಸುಮ್ನೆ ‘ಪಾಳು ಜಮೀನು’ ಅಂತಲೇ ಕರೆದರು. ದೇಶದ ಉದ್ದಕ್ಕೂ ಹೀಗೇ ಆಯಿತು. ಹಾಗಾಗಿ ಆ ಹೆಸರಿನವರು ಸಾವಿರಾರು ಜನ ಇದ್ದಾರೆ, ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ. ಮೈದಾನದಲ್ಲಿ ಆ ಅಂಗಿಯ ಬೆನ್ನ ಮೇಲಿನ ಅಕ್ಷರ ನೋಡುವಾಗಲೆಲ್ಲ ನನಗೆ ಆ ಖಾಲಿ ಮನೆಗಳು ನೆನಪಾಗುತ್ತವೆ. ಹಾಲಂಡ್ ಕೂಡ ಹೀಗೇ. ಅವನು ಬೆಳೆದದ್ದು ರೋಗಲಾಂಡ್ ಪ್ರಾಂತ್ಯದ ಬ್ರೂನೆ ಎಂಬ ಊರಿನಲ್ಲಿ. ಅವನ ಸರ್‌ನೇಮ್‌ನ ಗೋರ್‌ಗಳು ಆ ಪ್ರಾಂತ್ಯದಲ್ಲೇ ಎಷ್ಟೋ ಇವೆ.

ಇದಕ್ಕೆ ಎದುರು ಮುಂಡಾಲ್. ಜಿಮ್ಮಿ ಕಾರ್ಟರ್ ಕಾಲದಲ್ಲಿ, 1977ರಿಂದ 1981ರವರೆಗೆ, ಅಮೆರಿಕದ ಉಪಾಧ್ಯಕ್ಷರಾಗಿದ್ದ ವಾಲ್ಟರ್ ಮಾಂಡೇಲ್ ಹೆಸರು ಕೇಳಿರಬಹುದು. ಅವರ ತಂದೆಯ ಕಡೆಯ ಹಿರಿಯರು ಫ್ಯಾರ್ಲಂಡ್ ಎಂಬ ಕಣಿವೆಯ ಮುಂಡಾಲ್ ಎಂಬ ಜಾಗದಿಂದ ಹೋದವರು. ಮುಂಡಾಲ್ ಅಮೆರಿಕದಲ್ಲಿ ಮಾಂಡೇಲ್ ಆಯಿತು. ನಾನು ಅಲ್ಲಿಗೆ ಹೋಗಿದ್ದೇನೆ. ಸಮುದ್ರದ ಉದ್ದನೆಯ ತೋಳು, ಎರಡೂ ಕಡೆ ನೇರ ಎದ್ದ ಬೆಟ್ಟ, ಮೇಲೆ ಯೋಸ್ತೆದಾಲ್ ಹಿಮರಾಶಿ, ನೀರಿನ ದಂಡೆಯಲ್ಲಿ ಒಂದಿಷ್ಟು ಮರದ ಮನೆಗಳು. ಹಳೆಯ ಕೊಟ್ಟಿಗೆಗಳಲ್ಲಿ ಈಗ ಹಳೆಯ ಪುಸ್ತಕ ಮಾರುತ್ತಾರೆ. ಮುಂಡಾಲ್ ಅಂದರೆ ಅಷ್ಟು ಜಾಗ. ಆ ಸರ್‌ನೇಮ್ ಕಂಡರೆ ಹೆಚ್ಚಿನ ಸಲ ಈ ಕಣಿವೆಯ ಕಡೆಗೇ ಬೆರಳು ಮಾಡಿ ತೋರಿಸಬಹುದು. ಅಪರೂಪದ ಹೆಸರಿನ ಲಾಭ ಇದು, ಎಲ್ಲಿಯದು ಅಂತ ಅದೇ ಹೇಳುತ್ತದೆ.

ಅಮೆರಿಕಕ್ಕೆ ಹೋದವರದ್ದು ದೊಡ್ಡ ಕತೆ. 1825ರ ಜುಲೈನಲ್ಲಿ ಸ್ಟಾವಂಗರ್‌ನಿಂದ ‘ರೆಸ್ಟೊರೇಶನ್’ ಎಂಬ ಸಣ್ಣ ಹಡಗು ಹೊರಟಿತು. ಅಲ್ಲಿಂದ ಮುಂದೆ ನೂರು ವರ್ಷದಲ್ಲಿ 8 ಲಕ್ಷ ಜನ ನಾರ್ವೆ ಬಿಟ್ಟರು. ಅಲ್ಲಿ ಒಬ್ಬ ಅಣ್ಣ ಅಪ್ಪನ ಹೆಸರು ಹಿಡಿದು ಓಲ್ಸನ್ ಆದ, ತಮ್ಮ ಗೋರ್‌ನ ಹೆಸರು ಹಿಡಿದ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಕೋಚ್ ಕ್ನೂಟ್ ರಾಕ್ನಿ ಹುಟ್ಟಿದ್ದು 1888ರಲ್ಲಿ, ಬರ್ಗನ್‌ಗೆ ಹತ್ತಿರದ ವೋಸ್‌ನಲ್ಲಿ. ಅವರ ಹೆಸರು ಅಲ್ಲಿನ ರೋಕ್ನೆ ಎಂಬ ಗೋರ್‌ನದು. ಅಮೆರಿಕದಲ್ಲಿ ಒಂದು ಅಕ್ಷರ ಜಾಸ್ತಿಯಾಗಿ, ನೋಡಲು ಬೇರೆಯೇ ಹೆಸರಾಯಿತು.

ಅಕ್ಷರದ ಮಾತು ಬಂದಾಗ ಹಾಮ್ಸುನ್ ಬಗ್ಗೆ ಹೇಳಲೇಬೇಕು. 1920ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕ್ನೂಟ್ ಹಾಮ್ಸುನ್ ಹುಟ್ಟಿದಾಗ ಕ್ನೂದ್ ಪೆದರ್ಸೆನ್. ಅಪ್ಪ ದರ್ಜಿ. ಹುಡುಗ ತೀರಾ ಚಿಕ್ಕವನಿದ್ದಾಗ ಮನೆಯವರು ಉತ್ತರದ ಹಾಮಾರೋಯ್‌ಗೆ ಹೋಗಿ, ಹಾಮ್ಸುಂಡ್ ಎಂಬ ಗೋರ್‌ನಲ್ಲಿ ನೆಲೆ ನಿಂತರು. ‘ಸುಂಡ್’ ಅಂದರೆ ಎರಡು ನೆಲಗಳ ನಡುವಿನ ಕಿರಿದಾದ ನೀರು. ಮುಂದೆ ಬರೆಯತೊಡಗಿದಾಗ ಅವರು ಆ ಹೆಸರು ಇಟ್ಟುಕೊಂಡರು. 1885ರಲ್ಲಿ ಮಾರ್ಕ್ ಟ್ವೇನ್ ಬಗ್ಗೆ ಬರೆದ ಲೇಖನ ಅಚ್ಚಾಗುವಾಗ ಕೊನೆಯ ‘ಡ್’ ಬಿಟ್ಟುಹೋಯಿತು. ಅವರು ಅದನ್ನು ಸರಿಮಾಡಿಸಲಿಲ್ಲ, ಹಾಗೇ ಉಳಿಸಿಕೊಂಡರು. ಜರ್ಮನರು ನಾರ್ವೆಯನ್ನು ಹಿಡಿದಿದ್ದಾಗ ಈ ಮನುಷ್ಯ ನಾಜಿಗಳ ಪರ ನಿಂತರು. ಆ ನೋವು ಇಲ್ಲಿ ಇನ್ನೂ ಹೋಗಿಲ್ಲ. ಆದರೆ ಹೆಸರಿನ ಮಟ್ಟಿಗೆ ನೋಡಿದರೆ, ಹುಟ್ಟಿದ ಗಳಿಗೆಯೇ ಗೊತ್ತಿರುವ ಇಂಥ ಸರ್‌ನೇಮ್ ನನಗೆ ಬೇರೆ ಸಿಕ್ಕಿಲ್ಲ.

ಗೋರ್‌ನ ಹೆಸರಿನ ಅರ್ಥ ಬೇಕಾದರೆ ಇಲ್ಲಿ ಎಲ್ಲರೂ ಹೋಗುವುದು ಊಲುಫ್ ರೂಗ್ ಹತ್ತಿರ. ಅವರು ಇತಿಹಾಸ ಮತ್ತು ಪುರಾತತ್ವ ಬಲ್ಲವರು. ದೇಶದ ಗೋರ್‌ಗಳ ಹೆಸರನ್ನೆಲ್ಲ, ಹಳೆಯ ದಾಖಲೆಗಳಲ್ಲಿ ಹೇಗೆ ಬರೆದಿದ್ದರು, ಊರಿನವರು ಬಾಯಲ್ಲಿ ಹೇಗೆ ಹೇಳುತ್ತಾರೆ ಅನ್ನುವುದರ ಸಮೇತ ಕೂಡಿಹಾಕಿದರು. 1897ರಲ್ಲಿ ಅಚ್ಚಾಗತೊಡಗಿದ ಆ ಸಂಪುಟಗಳು ಮುಗಿಯುವ ಹೊತ್ತಿಗೆ 1924. ಅವರು ತೀರಿಕೊಂಡದ್ದು 1899ರಲ್ಲಿ, ಉಳಿದದ್ದನ್ನು ಬೇರೆಯವರು ಮುಗಿಸಿದರು. ಹೆಸರಿನ ಬಾಲ ನೋಡಿದರೆ ವಯಸ್ಸು ತಿಳಿಯುತ್ತದೆ. ‘ವಿನ್’ ಅಂದರೆ ಹುಲ್ಲುಗಾವಲು, ‘ಹೇಮ್’ ಅಂದರೆ ಮನೆ. ಇವು ವೈಕಿಂಗರಿಗಿಂತಲೂ ಹಳೆಯವು. ಬರ್ಗನ್‌ನ ಹಳೆಯ ಹೆಸರು ಬ್ಯೋರ್ಗ್ವಿನ್, ಅದರಲ್ಲೂ ಆ ‘ವಿನ್’ ಇದೆ. ‘ರೂದ್’, ‘ತ್ವೇಟ್’ ಅಂದರೆ ಕಾಡು ಕಡಿದು ಮಾಡಿದ ಹಕ್ಕಲು.

ಈಗ ಎಣಿಕೆಗೆ ಬರೋಣ. ಒಂದು ಸರ್‌ನೇಮ್ ಎಷ್ಟು ಜನಕ್ಕಿದೆ ಅಂತ ನಾರ್ವೆಯ ಅಂಕಿಅಂಶ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದರೆ ಮಾತ್ರ ಸಂಖ್ಯೆ ತೋರಿಸುವುದಿಲ್ಲ. ನಾನು ಪಕ್ಕದ ಮನೆಯವರ ಹೆಸರು ಬರೆಯದೆ ಇರುವುದಕ್ಕೂ ಇದಕ್ಕೂ ಕಾರಣ ಒಂದೇ. ಈಗಿರುವ ಹೆಸರಿನ ಕಾನೂನು 2003ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ 200 ಅಥವಾ ಅದಕ್ಕಿಂತ ಕಡಿಮೆ ಜನರಿಗಿರುವ ಸರ್‌ನೇಮ್‌ಗೆ ರಕ್ಷಣೆ ಇದೆ. ಹೊರಗಿನವರಿಗೆ ಅದು ಬೇಕಾದರೆ, ಆ ಹೆಸರಿರುವ ಎಲ್ಲರ ಒಪ್ಪಿಗೆ ತರಬೇಕು. ಅಜ್ಜನದೋ ಮುತ್ತಜ್ಜಿಯದೋ ಹೆಸರಾಗಿದ್ದರೆ ಬೇರೆ ಮಾತು, ಅದನ್ನು ತೆಗೆದುಕೊಳ್ಳಬಹುದು. ಅರ್ಜಿ ಕೊಡುವುದು ತೆರಿಗೆ ಇಲಾಖೆಗೆ.

ಸಂಖ್ಯೆ ನೋಡುವಾಗ ಒಂದು ಎಚ್ಚರಿಕೆ. 1917ರಲ್ಲಿ ಇಲ್ಲಿನ ಬರವಣಿಗೆಯಲ್ಲಿ ಎರಡು ‘ಎ’ ಬದಲು ತಲೆಯ ಮೇಲೆ ಸೊನ್ನೆ ಇರುವ ಒಂದು ‘ಎ’ ಬಂತು. ಕೆಲವು ಮನೆಗಳು ಹೊಸದಾಗಿ ಬರೆದವು, ಕೆಲವು ಹಳೆಯದನ್ನೇ ಉಳಿಸಿಕೊಂಡವು. ಎಣಿಕೆಯಲ್ಲಿ ಅವೆರಡೂ ಬೇರೆ ಬೇರೆ. ಹಾಗಾಗಿ ಅಪರೂಪ ಅನ್ನಿಸುವ ಹೆಸರು ಒಮ್ಮೊಮ್ಮೆ ಸಾಮಾನ್ಯ ಹೆಸರಿನ ಹಳೆಯ ಕಾಗುಣಿತ ಅಷ್ಟೇ.

ಬೇರು ಹುಡುಕುವವರಿಗೆ ಈ ದೇಶ ತುಂಬಾ ಅನುಕೂಲ ಮಾಡಿಕೊಟ್ಟಿದೆ. ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಚರ್ಚಿನ ಪುಸ್ತಕಗಳು, 1801, 1865, 1900, 1910ರ ಜನಗಣತಿಗಳು ಬಿಟ್ಟಿಯಾಗಿ ಸಿಗುತ್ತವೆ. 1920ರ ಗಣತಿ ನೂರು ವರ್ಷ ತುಂಬಿದ ಮೇಲೆ, 2020ರ ಡಿಸೆಂಬರ್ 1ರಂದು ತೆರೆಯಿತು. ಇವುಗಳ ಜೊತೆ ‘ಬ್ಯೂಗ್ದೆಬೂಕ್’, ಅಂದರೆ ಊರಿನ ಪುಸ್ತಕ. ಒಂದೊಂದು ಗೋರ್‌ನಲ್ಲಿ ಯಾರ ನಂತರ ಯಾರು ಇದ್ದರು ಅಂತ ಸಾಲಾಗಿ ಬರೆದಿರುತ್ತಾರೆ. ಲೈಬ್ರರಿಯಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ.

ನಮ್ಮ ಹುಡುಕಾಟ ಮುಗಿದದ್ದು 1910ರ ಗಣತಿಯಲ್ಲಿ. ಹಿರಿಯರ ಅಜ್ಜ ಆ ಗೋರ್‌ನ ಯಜಮಾನ ಆಗಿರಲಿಲ್ಲ. ಅಂಚಿನ ಬಿಡಾರದಲ್ಲಿದ್ದವರು, ಅಲ್ಲಿಗೂ ಬೇರೆ ಕಡೆಯಿಂದ ಬಂದವರು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದ್ರೆ ಈ ಹೆಸರು ನಮ್ಮಜ್ಜ ದುಡಿದು ಪಡೆದದ್ದು” ಅಂದರು.

ಬೇಸಿಗೆಯಲ್ಲಿ ನಾವು ಆ ಗೋರ್ ನೋಡಲು ಹೋದೆವು. ಈಗ ಅಲ್ಲಿರುವವರ ಸರ್‌ನೇಮ್ ಬೇರೆ, ಅವರ ತಂದೆಯ ಕಾಲದಲ್ಲಿ ಕೊಂಡದ್ದಂತೆ. ಮನೆಯಾಕೆ ವಾಫಲ್ ಮಾಡಿಕೊಟ್ಟರು, ಬಿಡಾರದ ಕಲ್ಲಿನ ಅಡಿಪಾಯ ಹುಲ್ಲಿನ ನಡುವೆ ತೋರಿಸಿದರು. ಹೊರಡುವಾಗ ತುಂಬಾ ಮೆಲ್ಲಗೆ, “ನೀವು ಹೆಸರನ್ನು ಓದಿದ ಹಾಗೆ ಹೇಳ್ತೀರಿ. ಇಲ್ಲಿ ನಾವು ಹೀಗಂತೀವಿ” ಅಂತ ಹೇಳಿಕೊಟ್ಟರು. ಮೊದಲ ಅಕ್ಷರ ಎಳೆದು, ಕೊನೆಯದನ್ನು ಅರ್ಧ ನುಂಗಿ. ಎಂಬತ್ತರ ಹಿರಿಯರು ಕಾರಿನಲ್ಲಿ ದಾರಿಯುದ್ದಕ್ಕೂ ತಮ್ಮ ಹೆಸರನ್ನು ಹಾಗೆ ಹೇಳಿ ಹೇಳಿ ನೋಡುತ್ತಿದ್ದರು.