ತರಂಗಂಬಾಡಿ–ಕಾರೈಕಾಲ್: ಶನಿವಾರ ಎಲ್ಲಿರಬೇಕು, ಭಾನುವಾರ ಎಲ್ಲಿರಬೇಕು

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಶನಿವಾರ ನೇರ ತಿರುನಳ್ಳಾರಿಗೆ ಹೋಗುವ ಯೋಚನೆಯಿದ್ದರೆ ಬದಲಿಸಿ. ಕಾರೈಕಾಲ್‌ನಿಂದ 5 ಕಿ.ಮೀ. ದೂರದ ಆ ಶನೀಶ್ವರ ಕ್ಷೇತ್ರದಲ್ಲಿ ಶನಿವಾರ ವಿಪರೀತ ಜನ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಸರದಿಯಲ್ಲೇ ಸುಸ್ತಾಗುತ್ತಾರೆ. ಶನಿವಾರ ತಮಿಳುನಾಡು ಕರಾವಳಿಯ ತರಂಗಂಬಾಡಿ ನೋಡಿ, ಭಾನುವಾರ ಮುಂಜಾನೆ ದರ್ಶನಕ್ಕೆ ಹೋಗಿ.

ಮೈಸೂರಿನಿಂದ ಬಂದು ಸಂಜೆ ಕೆಎಸ್‌ಆರ್ ನಿಲ್ದಾಣ ಬಿಡುವ ರೈಲು ತಿರುಚ್ಚಿ, ತಂಜಾವೂರು, ಕುಂಭಕೋಣಂ ದಾಟಿ ಬೆಳಗ್ಗೆ ಮಯಿಲಾಡುದುರೈ ತಲುಪುತ್ತದೆ. ಅಲ್ಲಿಂದ ತರಂಗಂಬಾಡಿಗೆ ಬಸ್ಸಿನಲ್ಲಿ ಸುಮಾರು 30 ಕಿ.ಮೀ.

1620ರಲ್ಲಿ ಡೇನರು (ಡೆನ್ಮಾರ್ಕಿನವರು) ತಂಜಾವೂರಿನ ರಘುನಾಥ ನಾಯಕನಿಂದ ಜಾಗ ಪಡೆದು ಇಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. 1845ರಲ್ಲಿ ಊರನ್ನೇ ಬ್ರಿಟಿಷರಿಗೆ ಮಾರಿದರು. ಕೋಟೆಯ ಬಾಗಿಲು ತೆರೆಯುವುದು ಬೆಳಗ್ಗೆ 10ರ ಹೊತ್ತಿಗೆ, ಶುಕ್ರವಾರ ರಜೆ. ಅದಕ್ಕೂ ಮೊದಲು 1792ರ ಊರಬಾಗಿಲಿನಿಂದ ಕಿಂಗ್ಸ್ ಸ್ಟ್ರೀಟ್ ಹಿಡಿದು ಸಮುದ್ರದ ಕಡೆಗೆ ನಡೆಯಿರಿ. ದಾರಿಯಲ್ಲಿ ಸಿಗುವ ನ್ಯೂ ಜೆರುಸಲೇಂ ಚರ್ಚ್ 1718ರದು. ತಮಿಳಿನಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ ಜರ್ಮನ್ ಪಾದ್ರಿ ಜೀಗೆನ್‌ಬಾಲ್ಗ್ ಸಮಾಧಿ ಒಳಗೇ ಇದೆ. ದಂಡೆಯ ಮಾಸಿಲಾಮಣಿನಾಥರ್ ಗುಡಿಯನ್ನು ಮಾತ್ರ ನಿಧಾನವಾಗಿ ನೋಡಿ. 1306ರಲ್ಲಿ ಪಾಂಡ್ಯ ಮಾರವರ್ಮನ್ ಕುಲಶೇಖರ ಕಟ್ಟಿಸಿದ್ದು. ಮುಂಭಾಗವನ್ನು ಕಡಲು ಕೊರೆದುಕೊಂಡು ಹೋಗಿದೆ. ಉಳಿದದ್ದನ್ನು ಕಾಯಲು ದೊಡ್ಡ ಬಂಡೆಗಳನ್ನು ಸುರಿದಿದ್ದಾರೆ. ಆ ಬಂಡೆಗಳ ಮೇಲೆ ಹತ್ತಬೇಡಿ, ಪಾಚಿಗೆ ಕಾಲು ಜಾರುತ್ತದೆ. ಕೋಟೆಯಲ್ಲಿ ಮೇಲಿನ ವಸ್ತುಸಂಗ್ರಹಾಲಯಕ್ಕಿಂತ ಕೆಳಗಿನ ಕಮಾನು ಕೋಣೆಗಳೇ ಚೆನ್ನ. ಉಗ್ರಾಣವೂ ಅಲ್ಲೇ, ಸೆರೆಮನೆಯೂ ಅಲ್ಲೇ ಇತ್ತು.

ಮಲ್ಪೆ, ಮುರ್ಡೇಶ್ವರ ನೋಡಿದವರಿಗೆ ಒಂದು ಮಾತು: ಇದು ಪೂರ್ವ ಕರಾವಳಿ. ಸೂರ್ಯ ಕಡಲಿನಿಂದ ಹುಟ್ಟುತ್ತಾನೆ, ಮುಳುಗುವುದು ಊರಿನ ಕಡೆಗೆ. ನೀರಿಗೆ ಇಳಿಯುವುದಾದರೆ ಮೊಣಕಾಲಿನಷ್ಟಕ್ಕೇ ನಿಲ್ಲಿ, ಎಳೆತ ಜೋರು.

ತಂಗಲು ತರಂಗಂಬಾಡಿಯಲ್ಲಿ ಜಾಗ ಕಡಿಮೆ. 15 ಕಿ.ಮೀ. ದಕ್ಷಿಣಕ್ಕೆ, ಪುದುಚೇರಿಗೆ ಸೇರಿದ ಕಾರೈಕಾಲ್‌ನಲ್ಲಿ ಲಾಡ್ಜ್‌ಗಳು ಸಾಕಷ್ಟಿವೆ. 1739ರಿಂದ 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಊರಾದರೂ ಪುದುಚೇರಿಯಂಥ ಬಣ್ಣದ ಬೀದಿಗಳನ್ನು ಇಲ್ಲಿ ಹುಡುಕಬೇಡಿ. ಶಿವಭಕ್ತೆ ಕಾರೈಕಾಲ್ ಅಮ್ಮೈಯಾರ್ ಗುಡಿ, ಅರಸಲಾರ್ ನದಿ ಕಡಲು ಸೇರುವಲ್ಲಿನ ಬೀಚ್, ಇಷ್ಟಕ್ಕೆ ಒಂದು ಸಂಜೆ ಸಾಕು. ಕಾರಿನಲ್ಲಿ ಬಂದವರು ಮದ್ಯದ ಬಾಟಲಿ ಇಟ್ಟುಕೊಂಡು ತಮಿಳುನಾಡಿನ ಗಡಿ ದಾಟಬೇಡಿ, ತಪಾಸಣೆ ಇರುತ್ತದೆ.

ತಿರುನಳ್ಳಾರಿನಲ್ಲಿ ಎಳ್ಳೆಣ್ಣೆ ಹಚ್ಚಿ ನಳತೀರ್ಥದಲ್ಲಿ ಮಿಂದು ದರ್ಶನಕ್ಕೆ ಹೋಗುವುದು ವಾಡಿಕೆ. ಉಟ್ಟ ಬಟ್ಟೆಯನ್ನು ನೀರಿಗೆ ಬಿಡಬೇಡಿ, ಕೊಳ ಕೆಡುತ್ತದೆ. ಮೂಲ ದೇವರು ದರ್ಭಾರಣ್ಯೇಶ್ವರ. ಶನಿಯ ಸನ್ನಿಧಿಯಿಂದಲೇ ಹಿಂದಿರುಗದೆ ಶಿವನನ್ನೂ ನೋಡಿ ಬನ್ನಿ. ಮಧ್ಯಾಹ್ನ ಇಲ್ಲಿನ ಗುಡಿಗಳು ಬಾಗಿಲು ಹಾಕುತ್ತವೆ, ಮತ್ತೆ ತೆರೆಯುವುದು 4ರ ಸುಮಾರಿಗೆ. ವಾಪಸ್ ರೈಲು ಮಯಿಲಾಡುದುರೈಯಿಂದ ಸಂಜೆಗೇ ಇರುವುದರಿಂದ ಬೆಳಗಿನ ದರ್ಶನ ತಪ್ಪಿದರೆ ಮತ್ತೆ ಅವಕಾಶವಿಲ್ಲ.

ದಸರಾ ರಜೆಗೆ ಈ ಪ್ರವಾಸ ಇಟ್ಟುಕೊಳ್ಳಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಕರಾವಳಿಗೆ ಈಶಾನ್ಯ ಮಾರುತದ ಮಳೆ, ಜೊತೆಗೆ ಚಂಡಮಾರುತದ ಭಯ. ಏಪ್ರಿಲ್ ನಂತರ ಬಿಸಿಲು ತಡೆಯಲಾಗದು. ಸಂಕ್ರಾಂತಿ ಕಳೆದ ಮೇಲೆ ಫೆಬ್ರುವರಿ ಕೊನೆಯೊಳಗೆ ಹೋಗಿಬನ್ನಿ. ರೈಲಿನ ಟಿಕೆಟ್ ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.